ಸರದಿ ತಪ್ಪದ ಮಾವ

(ಮನೆತನದ ಹಿರಿಯರನ್ನು ನೆನೆಯಲು ಮಂಡ್ಯದಲ್ಲಿ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನನಗಿಂತ ಮೊದಲು ಮಾತನಾಡಿದವರು ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡ ತಮ್ಮ ಅಜ್ಜನನ್ನು ನೆನೆದರು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಬಾವುಟ ಹಾರಿಸಿದ ಜನರ ಜಿಲ್ಲೆ ಇದು. ಅಂಥ ಅಜ್ಜಂದಿರ ಕಥೆ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ. ನಾನು ನೆನೆಯಲು ಬಂದಿರುವ ನಮ್ಮ ಸೋದರಮಾವ ಜೈಲಿಗೆ ಹೋದವರಲ್ಲ, ಪಂಚಾಯಿತಿ ಚುನಾವಣೆಗೂ ನಿಂತವರಲ್ಲ. ಮಂಡ್ಯ ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿಯುವ ಒಂದು ಊರಿನಲ್ಲಿ ಹುಟ್ಟಿ, ಮೂರು ಎಕರೆ ಗದ್ದೆ ಮಾಡಿಕೊಂಡು, ತೊಂಬತ್ತರ ಆಚೆಗೂ ಬದುಕಿ, ಹುಟ್ಟಿದ ಮನೆಯಲ್ಲೇ ಕಣ್ಣು ಮುಚ್ಚಿದರು.

ಅವರ ತಿಥಿಯ ದಿನ ಊಟಕ್ಕೆ ಬಂದವರೆಲ್ಲ ಒಂದೇ ಮಾತು ಹೇಳಿದರು: 'ಬಹಳ ಸರಳ ಮನುಷ್ಯ, ಯಾರ ತಂಟೆಗೂ ಹೋದವರಲ್ಲ.' ಹಾಗೆ ಹೇಳಿದವರ ಪ್ರೀತಿಯಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ ಮಾತಿಗೆ ತಲೆಯಾಡಿಸಿ ಸುಮ್ಮನಾಗಲು ನನಗೆ ಆಗಲಿಲ್ಲ. ಆಸೆಯೇ ಇಲ್ಲದವರಿಗೆ ಸರಳವಾಗಿರುವುದು ಕಷ್ಟವಲ್ಲ. ನಮ್ಮ ಮಾವನಿಗೆ ಆಸೆಗಳಿದ್ದವು, ಮೂಗಿನ ತುದಿಯಲ್ಲೇ ಸಿಟ್ಟಿತ್ತು, ಮೂವರು ಮಕ್ಕಳನ್ನು ಓದಿಸುವ ಹೊರೆಯಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಪಾಲಿಗಿಂತ ಹೆಚ್ಚು ತೆಗೆದುಕೊಳ್ಳುವ ಅವಕಾಶ ಅವರ ಗದ್ದೆಯ ಬದುವಿನ ಪಕ್ಕದಲ್ಲೇ ಹರಿಯುತ್ತಿತ್ತು. ಅದನ್ನು ನೋಡಿಯೂ ಸರದಿ ಬರುವ ತನಕ ಗುದ್ದಲಿ ಎತ್ತದೆ ಇದ್ದರು. ಒಂದು ದಿನವಲ್ಲ, ಒಂದು ವರ್ಷವಲ್ಲ, ದುಡಿಯುವ ಶಕ್ತಿ ಇರುವಷ್ಟು ಕಾಲವೂ. ನಾನು ಹೇಳಬೇಕೆಂದು ಬಂದಿರುವುದು ಅದನ್ನೇ.

ಮಾವ ಹುಟ್ಟಿದ ತಾರೀಕು ಯಾರಿಗೂ ಗೊತ್ತಿರಲಿಲ್ಲ. ಶಾಲೆಯ ದಾಖಲೆಯಲ್ಲಿದ್ದದ್ದು ಮೇಷ್ಟರು ಅಂದಾಜಿನ ಮೇಲೆ ಬರೆದುಕೊಂಡ ತಾರೀಕು. ನಮ್ಮ ಅಜ್ಜಿಯ ಲೆಕ್ಕದಲ್ಲಿ ಮಗ 'ಸಕ್ಕರೆ ಕಂಪನಿ ಶುರುವಾದ ವರ್ಷದವನು.' ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ. ಮಂಡ್ಯ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ಮೈಸೂರು ಜಿಲ್ಲೆಯೊಳಗೇ ಇತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಹೀಗಾಗಿ ಮಾವ ಈ ಜಿಲ್ಲೆಗಿಂತ ಹಿರಿಯರು, ನಾಲೆಯ ನೀರಿಗಿಂತ ಸ್ವಲ್ಪವೇ ಕಿರಿಯರು.

ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ. ಕಟ್ಟೆಯ ನೀರು ಹುಲಿಕೆರೆಯ ಸುರಂಗ ದಾಟಿ ನಮ್ಮ ಕಡೆಗೆ ಬರುವ ಹೊತ್ತಿಗೆ ಎರಡು ದಶಕಗಳೇ ಬೇಕಾದವು. ಅದಕ್ಕೂ ಮೊದಲು ಇಲ್ಲಿ ಬಹುಪಾಲು ಇದ್ದದ್ದು ರಾಗಿ, ಜೋಳ, ಹುರುಳಿಯ ಹೊಲ. ಮಳೆ ಬಂದರೆ ಊಟ, ಇಲ್ಲವಾದರೆ ಇಲ್ಲ. ನೀರು ಬಂದ ಮೇಲೆ ಅದನ್ನು ಹೇಗೆ ಹಂಚಬೇಕೆಂಬ ಯೋಚನೆಯೂ ಜೊತೆಗೇ ಬಂದಿತ್ತು. ಬ್ಲಾಕ್ ಪದ್ಧತಿ ಎನ್ನುತ್ತಿದ್ದರು: ಭೂಮಿಯನ್ನು ಮೂರು ಪಾಲು ಮಾಡಿ ಒಂದರಲ್ಲಿ ಭತ್ತ, ಒಂದರಲ್ಲಿ ಕಬ್ಬು, ಇನ್ನೊಂದರಲ್ಲಿ ಕಡಿಮೆ ನೀರು ಸಾಕಾಗುವ ಅರೆ ಖುಷ್ಕಿ ಬೆಳೆ, ವರ್ಷ ವರ್ಷ ಅದಲು ಬದಲು. ಎಲ್ಲರೂ ಎಲ್ಲ ಕಡೆಯೂ ಭತ್ತವನ್ನೇ ಹಾಕಿದರೆ ನೀರು ಕೊನೆಯವರಿಗೆ ಮುಟ್ಟುವುದಿಲ್ಲ ಎಂಬುದು ಅದರ ತಿರುಳು. ಆ ಕಟ್ಟುಪಾಡು ಬರಬರುತ್ತಾ ಸಡಿಲವಾದದ್ದು ನಿಮಗೆಲ್ಲ ಗೊತ್ತಿದೆ. ಮಾವನ ತಲೆಯೊಳಗೆ ಮಾತ್ರ ಅದು ಸಡಿಲವಾಗಲಿಲ್ಲ.

ನನ್ನ ತಾಯಿಯ ತವರಿನ ಗದ್ದೆ, ಅಂದರೆ ಮಾವನ ಗದ್ದೆ, ತೂಬಿನ ಕೆಳಗೆ ಮೊದಲನೆಯದು. ನೀರಾವರಿ ಮಾಡುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಕುಳಿತಿರುವ ಮಕ್ಕಳಿಗಾಗಿ ಹೇಳುತ್ತೇನೆ. ನಾಲೆಯಿಂದ ತೂಬಿನ ಮೂಲಕ ಹೊಲಗಾಲುವೆಗೆ ನೀರು ಬರುತ್ತದೆ. ಮೊದಲ ಗದ್ದೆಯವನು ಕಾಲುವೆಗೆ ಅಡ್ಡಲಾಗಿ ನಾಲ್ಕು ಗುದ್ದಲಿ ಮಣ್ಣು ಎಳೆದು, ತನ್ನ ಬದುವನ್ನು ಒಂದು ಗೇಣು ಕಡಿದರೆ ಸಾಕು, ನೀರೆಲ್ಲ ಅವನದೇ. ಕೊನೆಯ ಗದ್ದೆಯವನು ರಾತ್ರಿಯೆಲ್ಲ ಲಾಟೀನು ಹಿಡಿದು ಕಾಯಬೇಕು. ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡುವ ವರ್ಷಗಳಲ್ಲಂತೂ ಒಂದೊಂದು ಗಂಟೆಗೂ ಬೆಲೆ. ಇದೇ ಕಾರಣಕ್ಕೆ ಅಣ್ಣ ತಮ್ಮಂದಿರ ತಲೆ ಒಡೆದಿವೆ, ಮೊಕದ್ದಮೆಗಳು ಮೊಮ್ಮಕ್ಕಳ ಕಾಲಕ್ಕೂ ನಡೆದಿವೆ.

ಮಾವ ಮಾಡುತ್ತಿದ್ದದ್ದು ಇಷ್ಟೇ. ನೀರು ಬಿಟ್ಟ ರಾತ್ರಿ ಮೊದಲು ಕೊನೆಯ ಗದ್ದೆಯ ತನಕ ನಡೆದುಕೊಂಡು ಹೋಗುತ್ತಿದ್ದರು. ಕಾಲುವೆಯಲ್ಲಿ ಹುಲ್ಲು, ಕಸ ಕಟ್ಟಿಕೊಂಡಿದ್ದರೆ ತೆಗೆಯುತ್ತಿದ್ದರು. ಕಾಲುವೆಗೆ ಇಳಿದು ನಿಂತರೆ ನೀರು ಮೀನಖಂಡದ ಎಲ್ಲಿಯ ತನಕ ಬರುತ್ತದೆಂದು ನೋಡಿ, ಎಷ್ಟು ಹೊತ್ತಿನಲ್ಲಿ ಯಾರ ಗದ್ದೆ ತುಂಬುತ್ತದೆಂದು ಹೇಳುತ್ತಿದ್ದರು. ಆ ಅಂದಾಜು ತಪ್ಪಿದ್ದನ್ನು ನಾನು ಕೇಳಿಲ್ಲ. ನೀರು ಕೊನೆಯಿಂದ ಮೇಲಕ್ಕೆ ಹಂಚಿಕೆಯಾಗುತ್ತ ಬಂದು, ಎಲ್ಲರ ಕೊನೆಯಲ್ಲಿ ಅವರ ಗದ್ದೆಯ ಬದು ಕಡಿಯುವುದು. ಸರ್ಕಾರದ ನೀರುಗಂಟಿ ಬೇರೆ ಇದ್ದ. ಅವನೂ ಇವರನ್ನು ಕೇಳಿಯೇ ಮುಂದುವರಿಯುತ್ತಿದ್ದ.

ಚಿಕ್ಕವಳಿದ್ದಾಗ ನಾನು ಕೇಳಿದ್ದೆ: 'ಮಾವ, ನೀರು ಮೊದಲು ನಮ್ಮ ಗದ್ದೆ ಹತ್ತಿರ ಬರುತ್ತದೆ, ನಾವೇಕೆ ಕೊನೆಗೆ ಹಾಯಿಸಬೇಕು?'

'ಕಾಲುವೆ ನಮ್ಮ ಬದುವನ್ನು ಒರೆಸಿಕೊಂಡೇ ಹೋಗುತ್ತದೆ ಅವ್ವ. ಅವರಿಗೆ ಹರಿಯುವಾಗಲೇ ನಮ್ಮ ಮಣ್ಣು ಅರ್ಧ ನೆನೆದಿರುತ್ತದೆ. ಕೊನೆಯವನಿಗೆ ಹಾಗೆ ಬರುವ ನೀರು ಯಾವುದಿದೆ ಹೇಳು?' ಎಂದರು.

ಇದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಅದರಲ್ಲಿ ತ್ಯಾಗದ ಮಾತಿಲ್ಲ. ಜಿನುಗಿ ಬರುವ ತೇವವನ್ನೂ ತಮ್ಮ ಪಾಲಿಗೆ ಜಮಾ ಹಿಡಿದುಕೊಂಡು, ಉಳಿದದ್ದಕ್ಕೆ ಮಾತ್ರ ಕೈಚಾಚಿದ ಲೆಕ್ಕವಿದೆ. ಜನ ಅವರನ್ನು ನಂಬಿದ್ದು ಒಳ್ಳೆಯವರೆಂಬ ಕಾರಣಕ್ಕಿಂತ ಹೆಚ್ಚಾಗಿ ಆ ಲೆಕ್ಕದ ಕಾರಣಕ್ಕೆ. ಒಳ್ಳೆಯತನ ಒಂದು ದಿನ ಕೈಕೊಡಬಹುದು. ಮಾವನ ಲೆಕ್ಕ ಕೈಕೊಡುತ್ತಿರಲಿಲ್ಲ.

ಇದರ ಬೆಲೆ ತೆತ್ತವರು ಯಾರು ಎಂಬುದನ್ನೂ ಹೇಳಬೇಕು. ಹಿರಿಯರನ್ನು ನೆನೆಯುವ ಸಭೆಗಳಲ್ಲಿ ಈ ಭಾಗ ಯಾವಾಗಲೂ ಬಿಟ್ಟುಹೋಗುತ್ತದೆ. ನೀರು ಕೊನೆಗೆ ಬಂದರೆ ನಾಟಿಯೂ ಕೊನೆಗೆ. ಒಟ್ಲಿನಲ್ಲೇ, ಅಂದರೆ ಸಸಿ ಮಡಿಯಲ್ಲೇ, ಪೈರು ಬಲಿತರೆ ಬುಡದಿಂದ ಒಡೆಯುವ ತೆಂಡೆ ಕಡಿಮೆ, ಇಳುವರಿ ಕಡಿಮೆ. ಎಲ್ಲರ ನಾಟಿ ಮುಗಿಸಿ ದಣಿದ ಹೆಣ್ಣಾಳುಗಳನ್ನು ನಮ್ಮ ಗದ್ದೆಗೆ ಕರೆತರುವ ಕೆಲಸ ಅತ್ತೆಯದು. ಆಳು ಸಿಗದ ವರ್ಷ ಅತ್ತೆ ತಾವೇ ಬೆಳಗಿನಿಂದ ಸಂಜೆಯವರೆಗೆ ಸೊಂಟ ಬಗ್ಗಿಸಿ ನೆಟ್ಟದ್ದನ್ನು ನನ್ನ ತಾಯಿ ನೋಡಿದ್ದಾರೆ. ಕೆಸರಿನಿಂದ ಎದ್ದು ಬಂದು ಮುದ್ದೆ ಕೂಡಿಸಿ, ಉಪ್ಪೆಸರು ಕಾಯಿಸಿ, ನೆಂಟರಿಗೂ ಬಡಿಸಬೇಕು. 'ಊರಿನ ಗದ್ದೆಗೆಲ್ಲ ಹಸಿರು ಬಂತು, ನಮ್ಮ ಒಟ್ಲಿಗೆ ಮುಪ್ಪು ಬಂತು' ಎಂದು ಅತ್ತೆ ಗಟ್ಟಿಯಾಗಿಯೇ ಹೇಳುತ್ತಿದ್ದರು. ಮಾವ ಎದುರು ಮಾತನಾಡುತ್ತಿರಲಿಲ್ಲ. ಅತ್ತೆ ಹೇಳುತ್ತಿದ್ದದ್ದು ನಿಜವಾಗಿತ್ತು. ಮಾವನ ಸರಳತೆಯ ಅರ್ಧ ಭಾರ ಹೊತ್ತವರು ಅತ್ತೆ. ಹೊಗಳುವಾಗ ಇಬ್ಬರ ಪಾಲನ್ನೂ ಒಬ್ಬರ ಖಾತೆಗೆ ಬರೆಯುವುದು ಅನ್ಯಾಯ.

ಕಬ್ಬಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಒಂದು ಪಾಲು ಕಬ್ಬು ಕಾರ್ಖಾನೆಗೆ, ಉಳಿದದ್ದು ಆಲೆಮನೆಗೆ. ಊರಿನ ಆಲೆಮನೆಯಲ್ಲಿ ಪಾಕದ ಹದ ನೋಡಲು ಮಾವನನ್ನೇ ಕರೆಯುತ್ತಿದ್ದರು. ಕೊಪ್ಪರಿಗೆಯಲ್ಲಿ ರಸ ಕುದಿಯುವಾಗ ಬೆಂಡೆ ಗಿಡವನ್ನು ಜಜ್ಜಿ ತೆಗೆದ ಲೋಳೆ ಬಿಟ್ಟರೆ ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ. ಅದನ್ನು ಜಾಲರಿಯಿಂದ ತೆಗೆದು, ಪಾಕವನ್ನು ಹನಿಯಷ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಉಂಡೆ ನಿಂತರೆ ಇಳಿಸಬೇಕು. ಒಂದು ಗಳಿಗೆ ತಡವಾದರೂ ಬೆಲ್ಲ ಕಂದಿ ಕಹಿಯಾಗುತ್ತದೆ. ಬೆಲ್ಲ ಹಳದಿಯಾಗಿ ಹೊಳೆಯಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವ ರೂಢಿ ಬಂದ ಮೇಲೆ ಮಾವ ತಮ್ಮ ಕಬ್ಬಿನ ಪಾಕಕ್ಕೆ ಅದನ್ನು ಹಾಕಲು ಬಿಡಲಿಲ್ಲ. ಮಾರುಕಟ್ಟೆಯಲ್ಲಿ ಅವರ ಕಂದು ಅಚ್ಚು ಬೆಲ್ಲಕ್ಕೆ ದರ ಕಡಿಮೆ. ಇಂದು ಅದೇ ಕಂದು ಬೆಲ್ಲಕ್ಕೆ ಪೇಟೆಯಲ್ಲಿ ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರಿದ್ದಾರೆ. ಆ ಕಾಲ ಬರುವ ಹೊತ್ತಿಗೆ ಮಾವ ಕಬ್ಬು ಹಾಕುವುದನ್ನೇ ಬಿಟ್ಟಿದ್ದರು.

ಮನೆಯ ಊಟಕ್ಕೆ ರಾಗಿ ಮಾತ್ರ ತಪ್ಪಿಸಲಿಲ್ಲ. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದ ಕಾಲದಲ್ಲಿ, ಮಾವ ಬೀಜ ತಂದು ಬಿತ್ತಿ, ಬಂದ ಫಸಲಿನಲ್ಲಿ ಕೇಳಿದವರಿಗೆಲ್ಲ ಸೇರುಗಟ್ಟಲೆ ಬಿತ್ತನೆಗೆ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಮುಂದಿನ ವರ್ಷ ಅಷ್ಟೇ ಬೀಜವನ್ನು ಇನ್ನೊಬ್ಬರಿಗೆ ಕೊಡಬೇಕು, ಅದೊಂದೇ ಕರಾರು.

ಈಗ ನನ್ನ ತಾಯಿಯ ವಿಷಯಕ್ಕೆ ಬರುತ್ತೇನೆ. ಮಾವನಿಗೆ ಒಡಹುಟ್ಟಿದ ಹೆಣ್ಣುಮಕ್ಕಳು ನಾಲ್ವರು. ನನ್ನ ತಾಯಿ ಕೊನೆಯವರು, ಮೈಸೂರಿಗೆ ಮದುವೆಯಾಗಿ ಬಂದವರು. ನಮ್ಮದು ಒಂಟಿಕೊಪ್ಪಲಿನಲ್ಲಿ ಒಂದು ವಠಾರದ ಮನೆ. ಗೌರಿ ಹಬ್ಬಕ್ಕೆ ಮುಂಚೆ ತವರಿನಿಂದ ಬಾಗಿನ ಬರಬೇಕು. ಅಣ್ಣ ಬರುವ ದಾರಿ ಕಾಯುವುದು ನಮ್ಮ ಕಡೆಯ ಎಲ್ಲ ಹೆಣ್ಣುಮಕ್ಕಳಿಗೂ ಇದ್ದದ್ದೇ. ಮಾವ ಮಂಡ್ಯದಲ್ಲಿ ರೈಲು ಹತ್ತಿ, ಮೈಸೂರಿನಲ್ಲಿ ಇಳಿದು ನಡೆದೇ ಬರುತ್ತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ವಲ್ಲಿ. ಒಂದು ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಮೊರ, ಇನ್ನೊಂದು ಕೈಯಲ್ಲಿ ಹೊಸ ಅಕ್ಕಿ, ಬೆಲ್ಲ, ತೆಂಗಿನಕಾಯಿ ತುಂಬಿದ ಚೀಲ. ಅರಿಶಿನ ಬಳಿದ ಮೊರದೊಳಗೆ ಬಳೆ, ಬಿಚ್ಚೋಲೆ, ಕುಂಕುಮ, ರವಿಕೆ ಕಣ, ಬೇಳೆ ಕಾಳುಗಳು. ಎಲ್ಲವನ್ನೂ ಜೋಡಿಸುತ್ತಿದ್ದವರು ಅತ್ತೆ. ಹೊತ್ತು ತರುತ್ತಿದ್ದವರು ಮಾವ. ನಾಲ್ಕು ಮನೆಗೆ ನಾಲ್ಕು ಮೊರ. ಯಾವ ತಂಗಿಗೂ ಒಂದು ಬಳೆ ಹೆಚ್ಚಿಲ್ಲ, ಒಂದು ಬಳೆ ಕಡಿಮೆಯಿಲ್ಲ. ಅನುಕೂಲಸ್ಥರ ಮನೆಗೆ ಹೋದ ತಂಗಿಗೂ ಅದೇ, ವಠಾರದಲ್ಲಿದ್ದ ನಮ್ಮ ತಾಯಿಗೂ ಅದೇ.

ನಮ್ಮ ತಂದೆ ತೀರಿಕೊಂಡಾಗ ತಾಯಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಆ ವರ್ಷ ಸೂತಕವೆಂದು ಹಬ್ಬ ಮಾಡಲಿಲ್ಲ. ಮರುವರ್ಷ ಗೌರಿ ಹಬ್ಬ ಬಂದಾಗ ತಾಯಿ ಯಾರ ದಾರಿಯನ್ನೂ ಕಾಯಲಿಲ್ಲ. ಗಂಡ ಹೋದವರಿಗೆ ಬಾಗಿನವಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹಬ್ಬದ ಹಿಂದಿನ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ಮಾವ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಮೊರ. ಒಳಗೆ ಬಂದವರೇ ದೇವರ ಮುಂದೆ ಇಟ್ಟು ಗಂಟು ಬಿಚ್ಚಿದರು. ಎಲ್ಲವೂ ಇತ್ತು. ಅರಿಶಿನ, ಕುಂಕುಮ, ಹಸಿರು ಬಳೆ, ಯಾವುದನ್ನೂ ತೆಗೆದಿರಲಿಲ್ಲ. ಮನೆಗೆ ಬಂದಿದ್ದ ಹಿರಿಯ ನೆಂಟರೊಬ್ಬರು, 'ಇದೇನು, ಶಾಸ್ತ್ರ ಸಂಪ್ರದಾಯ ಬೇಡವೇ?' ಎಂದರು.

'ಬಾಗಿನ ತರುವುದು ತಂಗಿಗೆ, ಭಾವನಿಗಲ್ಲ. ತಂಗಿ ಇದ್ದಾಳಲ್ಲ' ಎಂದರು ಮಾವ.

ಅಷ್ಟೇ. ದನಿ ಏರಿಸಲಿಲ್ಲ, ವಾದಕ್ಕೆ ಕೂರಲಿಲ್ಲ. ಊಟ ಮಾಡಿ, ಉಳಿದ ತಂಗಿಯರ ಮನೆಗೆ ಹೋಗಬೇಕೆಂದು ಎದ್ದರು. ತಾಯಿ ಆ ಬಳೆಗಳನ್ನು ತೊಟ್ಟರು. ಮೈಸೂರಿನಂಥ ಊರಿನಲ್ಲಿ, ಆ ಕಾಲದಲ್ಲಿ, ವಠಾರದ ಹತ್ತು ಕಣ್ಣುಗಳ ಎದುರು ಅದನ್ನು ತೊಟ್ಟುಕೊಳ್ಳುವುದಕ್ಕೆ ನನ್ನ ತಾಯಿಗೆ ಬೇಕಾದ ಧೈರ್ಯವೂ ಚಿಕ್ಕದಾಗಿರಲಿಲ್ಲ. ವಿಧವೆಯರ ಹಕ್ಕಿನ ಬಗ್ಗೆ ನಾನು ಕಾಲೇಜಿನಲ್ಲಿ ಓದಿದ್ದೇನೆ, ಭಾಷಣ ಕೇಳಿದ್ದೇನೆ, ಮಾಡಿಯೂ ಇದ್ದೇನೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಮಾವನಿಗೆ ಅದು ಸರದಿಯ ವಿಷಯವಾಗಿತ್ತು. ತಂಗಿಗೆ ಸಲ್ಲಬೇಕಾದದ್ದು ಸಲ್ಲಬೇಕು, ಯಾರೂ ನಡುವೆ ಮಣ್ಣು ಎಳೆಯಬಾರದು. ಆಮೇಲೆ ಅವರ ಕೈಕಾಲು ಗಟ್ಟಿಯಿರುವ ತನಕ ಒಂದು ವರ್ಷವೂ ಬಾಗಿನ ತಪ್ಪಲಿಲ್ಲ.

ಕಾವೇರಿಯ ವಿಷಯ ಎತ್ತದೆ ಮಂಡ್ಯದಲ್ಲಿ ಮಾತು ಮುಗಿಸಲು ಆಗುವುದಿಲ್ಲ. 1991ರ ಜೂನ್‌ನಲ್ಲಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದಾಗ ಮಾವನಿಗೆ ಅರವತ್ತು ಹತ್ತಿರ. ಮುಂದೆ ಇಲ್ಲಿ ಧರಣಿಗಳು ನಡೆದಾಗಲೆಲ್ಲ ಊರಿನವರ ಜೊತೆ ಬಂದು ಸರ್ ಎಂ.ವಿ. ಪ್ರತಿಮೆಯ ಎದುರು ಕುಳಿತು ಹೋಗುತ್ತಿದ್ದರು. ಮೈಕಿನ ಹತ್ತಿರ ಸುಳಿದವರಲ್ಲ. ಆದರೆ ಮನೆಯಲ್ಲಿ, ಆಕಾಶವಾಣಿಯ ಪ್ರದೇಶ ಸಮಾಚಾರ ಮುಗಿದ ಮೇಲೆ, ಒಂದು ಮಾತನ್ನು ಮತ್ತೆ ಮತ್ತೆ ಆಡುತ್ತಿದ್ದರು. ಒಳ್ಳೆಯ ಮಳೆಯ ವರ್ಷ ನೀರು ಹಂಚುವುದು ದೊಡ್ಡದಲ್ಲ, ಕೊರತೆಯನ್ನು ಹಂಚುವುದು ಹೇಗೆಂದು ಮೊದಲೇ ಬರೆದಿಡಬೇಕು ಎಂದು. ಸಂಕಷ್ಟ ಸೂತ್ರ ಎಂದು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅದರ ಒಂದು ಪುಟ್ಟ ರೂಪ ಅವರ ತೂಬಿನ ಕೆಳಗೆ ಇತ್ತು. ಕಟ್ಟೆ ತುಂಬದ ವರ್ಷ ಪ್ರತಿಯೊಬ್ಬರೂ ತಮ್ಮ ಗದ್ದೆಯ ಮೂರನೇ ಒಂದು ಪಾಲನ್ನು ನಾಟಿ ಮಾಡದೆ ಬಿಡಬೇಕು, ಅಲ್ಲಿ ರಾಗಿಯನ್ನೋ ಹುರುಳಿಯನ್ನೋ ಹಾಕಿಕೊಳ್ಳಬೇಕು. ಮೊದಲ ಗದ್ದೆಯವರೇ ಮುಂದಾಗಿ ಬಿಟ್ಟ ಮೇಲೆ ಬೇರೆಯವರು ಇಲ್ಲವೆನ್ನುವುದು ಹೇಗೆ? ಕಟ್ಟೆಗಾಗಿ ಕನ್ನಂಬಾಡಿ ಊರೇ ಮುಳುಗಿದ್ದನ್ನು ಅವರು ಮರೆಯುತ್ತಿರಲಿಲ್ಲ. ಯಾರಾದರೂ ಕಾಲುವೆ ಒಡೆದು ನೀರು ಪೋಲು ಮಾಡಿದ್ದು ಕಂಡರೆ, 'ಮನೆ ಮುಳುಗಿಸಿಕೊಂಡವರ ನೀರು ಕಣಯ್ಯ ಇದು' ಎಂದು ರೇಗುತ್ತಿದ್ದರು. ಅವರ ಸಿಟ್ಟು ಹೊರಬೀಳುತ್ತಿದ್ದದ್ದು ಅಂಥ ಕಡೆಯೇ.

ಇನ್ನು ಜಮೀನಿನ ಮಾತು. ನಮ್ಮ ಊರುಗಳಲ್ಲಿ ಪಾಲಾಗುವಾಗ ಹೆಣ್ಣುಮಕ್ಕಳನ್ನು ಕರೆಸುವುದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲು. ಸೀರೆ ಉಡಿಸಿ, ಊಟ ಹಾಕಿಸಿ, ಸಹಿ ಪಡೆದು ಕಳುಹಿಸುತ್ತಾರೆ. 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ನಮ್ಮ ರಾಜ್ಯದ ತಿದ್ದುಪಡಿ ಬಂದಾಗಲೂ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಪಾಲಿರಲಿಲ್ಲ. ಮದುವೆಯಾದವರಿಗೂ ಸಮಾನ ಹಕ್ಕು ಬಂದದ್ದು 2005ರಲ್ಲಿ. ಮಾವ ತಂಗಿಯರನ್ನು ಕರೆಸಿದ್ದು ಇವೆರಡಕ್ಕೂ ಮುಂಚೆ. ನಾಲ್ವರೂ ಸಹಿ ಹಾಕಲು ಸಿದ್ಧವಾಗಿಯೇ ಹೋಗಿದ್ದರು. ಅಲ್ಲಿ ನೋಡಿದರೆ ನಾಲ್ವರ ಹೆಸರಿಗೂ ಹತ್ತು ಹತ್ತು ಗುಂಟೆ ಬರೆದ ಪತ್ರ. ಮೂರು ಎಕರೆಯಲ್ಲಿ ಒಂದು ಎಕರೆ ತಂಗಿಯರಿಗೆ ಹೋಯಿತು. ನನ್ನ ತಾಯಿಯ ಹೆಸರು ಪಹಣಿಯಲ್ಲಿ ಕುಳಿತದ್ದು ಹಾಗೆ. ನಮ್ಮ ಓದಿಗೆ ನೆರವಾದದ್ದು ಆ ಹತ್ತು ಗುಂಟೆಯ ಭತ್ತ. ಅದನ್ನು ಮಾವನೇ ಬೆಳೆದು, ಒಕ್ಕಣೆ ಮಾಡಿಸಿ, ಅಕ್ಕಿ ಮಾಡಿಸಿ ಕಳುಹಿಸುತ್ತಿದ್ದರು.

ಇದು ಮಾವನ ದೊಡ್ಡತನ ಎಂದು ನಾವೆಲ್ಲ ನಂಬಿದ್ದೆವು. ಅವರು ಹೋದ ಮೇಲೆ ಅತ್ತೆಯ ಹತ್ತಿರ ಕುಳಿತು ಮಾತನಾಡುವಾಗ ಗೊತ್ತಾಯಿತು, ಮೊದಲು ಆ ಮಾತು ಎತ್ತಿದವರು ಅತ್ತೆ. ಅತ್ತೆಯ ತವರಿನಲ್ಲಿ ಅವರಿಂದ ಸಹಿ ಹಾಕಿಸಿಕೊಂಡಿದ್ದರು. 'ನನಗೆ ಮಾಡಿದಂತೆ ಇವರಿಗೆ ಮಾಡಬೇಡಿ' ಎಂದು ಅತ್ತೆ ಹೇಳಿದ್ದರಂತೆ. ಮಾವ ಒಂದು ರಾತ್ರಿ ಯೋಚಿಸಿ, ಬೆಳಗ್ಗೆ ಎದ್ದು ಪತ್ರ ಬರೆಯುವವರ ಬಳಿ ಹೋದರಂತೆ. ಇಬ್ಬರೂ ಇದನ್ನು ಮಕ್ಕಳಿಗೂ ಹೇಳಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಮಾವನಿಗೆ ಕಿವಿ ಮಂದವಾಯಿತು, ಕಣ್ಣಿನ ಪೊರೆ ತೆಗೆಸಿದರು, ಮೊಣಕಾಲು ಸಹಕರಿಸಲಿಲ್ಲ. ಜಗುಲಿಯ ಮೇಲೆ ಕುಳಿತು ಹಾದುಹೋಗುವವರನ್ನೆಲ್ಲ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಕಟ್ಟೆಯಲ್ಲಿ ಎಷ್ಟು ಅಡಿ ಇದೆ, ನೀರು ಕೊನೆಗೆ ಮುಟ್ಟಿತೇ. 124.80 ಅಡಿಗೆ ಕಟ್ಟೆ ತುಂಬಿದೆ ಎಂದು ಮೊಮ್ಮಗ ಮೊಬೈಲಿನಲ್ಲಿ ನೋಡಿ ಹೇಳಿದರೆ, ಎರಡನೆಯ ಪ್ರಶ್ನೆಗೆ ಉತ್ತರ ಕೇಳುತ್ತಿದ್ದರು. ಅದು ಮೊಬೈಲಿನಲ್ಲಿ ಸಿಗುತ್ತಿರಲಿಲ್ಲ. ಹುಡುಗ ಗದ್ದೆಯ ತನಕ ಹೋಗಿ ನೋಡಿಕೊಂಡು ಬರಬೇಕಿತ್ತು, ಬರುತ್ತಿದ್ದ. ಈಗ ಆ ಗದ್ದೆ ಮಾಡುತ್ತಿರುವವನು ಅವನೇ. ತೂಬಿನ ಕೆಳಗಿನ ಒಪ್ಪಂದ ಮೊದಲಿನಷ್ಟು ಗಟ್ಟಿಯಾಗಿಲ್ಲ. ಕೆಲವರು ಕೊಳವೆಬಾವಿ ತೋಡಿಸಿಕೊಂಡರು, ಕೆಲವರು ಜಮೀನು ಮಾರಿದರು, ಹೊಸದಾಗಿ ಬಂದವರಿಗೆ ಹಳೆಯ ಮಾತು ಗೊತ್ತಿಲ್ಲ. ಆದರೂ ಕಳೆದ ಹಂಗಾಮಿನಲ್ಲಿ ಕೊನೆಯ ಗದ್ದೆಗೆ ನಾಟಿಯಾಯಿತು.

ನಾನು ಹೇಳಿದ್ದರಲ್ಲಿ ಎಷ್ಟೋ ವಿಷಯ ತಾಯಿಯಿಂದ ಕೇಳಿದ್ದು, ಹಬ್ಬಕ್ಕೆ ಹೋದಾಗ ಕಂಡದ್ದು. ದಿನ ಬೆಳಗಾದರೆ ಅವರ ಜೊತೆಗಿದ್ದವರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಬರುವುದಿಲ್ಲವೆಂದು ಹಟ ಹಿಡಿದಿದ್ದವರನ್ನು ಮೊಮ್ಮಗ ಕಾರಿನಲ್ಲಿ ಕರೆತಂದಿದ್ದಾನೆ. ನಾನು ಮಾತನಾಡುವಾಗ ಎರಡು ಕಡೆ ಅವರು ಇಲ್ಲವೆಂಬಂತೆ ತಲೆಯಾಡಿಸಿದ್ದನ್ನು ಗಮನಿಸಿದೆ. ನನಗೆ ಕೊಟ್ಟ ಸಮಯದಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಅತ್ತೆ, ನೀವು ಎದ್ದು ಬರಬೇಕಾಗಿಲ್ಲ, ಅಲ್ಲೇ ಕುಳಿತು ಹೇಳಿ. ಮೈಕನ್ನು ನಾನೇ ನಿಮ್ಮ ಹತ್ತಿರ ತರುತ್ತೇನೆ.